ನೆಲದ ಮೇಲಿನ ನಿಮಿಷಗಳು

ರನ್‌ವೇ ಕಡೆಗೆ ಹೋಗುತ್ತಿದ್ದ ತನ್ನ ವಿಮಾನವನ್ನು ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಹಿಂದೆ ಹಾಕಿ ಮುಂದೆ ಹೋದ ದಿನ ಕ್ಯಾಪ್ಟನ್‌ಗೆ ಮೊದಲ ಸಲ ನಾಚಿಕೆಯಾಯಿತು. ಟ್ರ್ಯಾಕ್ಟರಿನವನು ಪಕ್ಕದಲ್ಲಿ ಹೋಗುತ್ತ ಕತ್ತೆತ್ತಿ ನೋಡಿ, ಏನಾದರೂ ಕೆಟ್ಟಿದೆಯಾ ಎಂದು ಕೈಸನ್ನೆಯಲ್ಲೇ ಕೇಳಿದ. ಕ್ಯಾಪ್ಟನ್ ಗಂಭೀರವಾಗಿ ಹೆಬ್ಬೆರಳು ಎತ್ತಿ ತೋರಿಸಿದ. ಕೆಟ್ಟಿದ್ದು ವಿಮಾನವಲ್ಲ, ಸಂಬಳ. ಅದನ್ನು ಕೈಸನ್ನೆಯಲ್ಲಿ ಹೇಳುವುದು ಹೇಗೆ?

ಸಂಗತಿ ಇಷ್ಟೆ. ಕಂಪನಿ ನಷ್ಟದಲ್ಲಿತ್ತು. ನಷ್ಟದಲ್ಲಿರುವುದು ಅದಕ್ಕೆ ಹೊಸದೇನಲ್ಲ, ಆದರೆ ಈ ಸಲ ನಷ್ಟವನ್ನು ಎಲ್ಲರಿಗೂ ಹಂಚುವ ದೊಡ್ಡ ಮನಸ್ಸು ಮಾಡಿತ್ತು. ಮೊದಲು ಪೈಲಟ್‌ಗಳ ಕೊಠಡಿಯ ಬಿಸ್ಕತ್ತು ಹೋಯಿತು. ಆಮೇಲೆ ಕಾಫಿ ಯಂತ್ರಕ್ಕೆ ನಾಣ್ಯ ನುಂಗುವ ಬಾಯಿ ಬಂತು. ಕೊನೆಗೆ 'ನಾವೆಲ್ಲ ಒಂದೇ ಕುಟುಂಬ' ಎಂದು ಶುರುವಾಗುವ ಸುತ್ತೋಲೆ ಬಂತು. ಕುಟುಂಬ ಎಂಬ ಪದ ಕಂಡ ಕೂಡಲೇ ಅನುಭವಸ್ಥರೆಲ್ಲ ಜೇಬು ಮುಟ್ಟಿ ನೋಡಿಕೊಂಡರು. ತಿಂಗಳಿಗೆ ಇಷ್ಟು ಎಂದು ಕೈಗೆ ಬರುತ್ತಿದ್ದದ್ದು ಅರ್ಧಕ್ಕಿಳಿದಿತ್ತು. ಉಳಿದರ್ಧ ಬೇಕಿದ್ದರೆ ಓಡಿಸಿದ ನಿಮಿಷಕ್ಕೆ ಇಷ್ಟು ಎಂದು ಸಿಗುತ್ತಿತ್ತು. ಆ ನಿಮಿಷ ಶುರುವಾಗುವುದು ಗೇಟಿನ ಮುಂದೆ ವಿಮಾನದ ಬ್ರೇಕ್ ಬಿಟ್ಟಾಗ, ಮುಗಿಯುವುದು ಇನ್ನೊಂದು ಊರಿನ ಗೇಟಿನ ಮುಂದೆ ಮತ್ತೆ ಬ್ರೇಕ್ ಹಾಕಿದಾಗ.

ಪೈಲಟ್‌ಗಳು ತಮತಮಗೆ ತೋಚಿದ ದಾರಿ ಹಿಡಿದರು. ಒಬ್ಬ ತಂಗಿಯ ಬೇಕರಿಯಲ್ಲಿ ಕೇಕ್ ಮೇಲೆ ಹೆಸರು ಬರೆಯಲು ನಿಂತ. ಬಿರುಗಾಳಿಯಲ್ಲೂ ನಡುಗದ ಕೈ, ಅಕ್ಷರ ಮುತ್ತಿನಂತೆ ಬರುತ್ತಿತ್ತು. ಇನ್ನೊಬ್ಬ ನೀರಿನ ಫಿಲ್ಟರ್ ಮಾರುತ್ತಿದ್ದ. ಗಿರಾಕಿಯ ಅಡುಗೆಮನೆಯಲ್ಲಿ ನಿಂತು, 'ಒಂದು ವೇಳೆ ನೀರು ನಿಂತರೆ ದಯವಿಟ್ಟು ಗಾಬರಿಯಾಗಬೇಡಿ' ಎಂದು ಅವನು ಹೇಳುವ ಧಾಟಿಗೇ ಜನ ಗಾಬರಿಯಾಗಿ ಎರಡೆರಡು ಕೊಳ್ಳುತ್ತಿದ್ದರಂತೆ. ಮೂರನೆಯವನು ಮಕ್ಕಳ ಹುಟ್ಟುಹಬ್ಬಕ್ಕೆ ಸಮವಸ್ತ್ರ ತೊಟ್ಟು ಹೋಗಿ ನಿಲ್ಲುತ್ತಿದ್ದ. ಅಲ್ಲಿ ತನಗೆ ಕೋಡಂಗಿ ವೇಷದವನಿಗಿಂತ ಕಡಿಮೆ ಕೊಡುತ್ತಾರೆಂಬುದು ಅವನ ಕೊರಗು.

ಕೂತಲ್ಲೇ ದುಡಿಯುವ ದಾರಿ ಕಂಡುಹಿಡಿದವನು ಬೋಳು ಕ್ಯಾಪ್ಟನ್. ತಲೆಯ ಮೇಲೆ ಒಂದೆಳೆ ಕೂದಲಿಲ್ಲದಿದ್ದರೂ ಒಳಗೆ ಸರಕಿಗೆ ಕೊರತೆಯಿರಲಿಲ್ಲ.

"ಮೇಲೆ ಸುತ್ತು ಹೊಡೆದ್ರೆ ಫ್ಯೂಯೆಲ್ ಯಾಕೆ ಜಾಸ್ತಿ ಆಯ್ತು ಅಂತ ಕೇಳ್ತಾರೆ," ಎಂದು ಅವನು ನಾಣ್ಯದ ಕಾಫಿ ಹೀರುತ್ತ ಪಾಠ ಮಾಡಿದ. "ಆದ್ರೆ ಗೇಟಿಂದ ರನ್‌ವೇ ತನಕ ನಿಧಾನವಾಗಿ ಹೋಗೋದನ್ನ ಯಾರು ಕೇಳ್ತಾರೆ? ಕೇಳಿದ್ರೆ ಸುರಕ್ಷತೆಗೆ ಅನ್ನು. ಸುರಕ್ಷತೆ ಅಂದಮೇಲೆ ಎದುರು ಮಾತಾಡೋ ಧೈರ್ಯ ಯಾರಿಗಿದೆ ಹೇಳು?"

ಎರಡು ತಿಂಗಳಲ್ಲಿ ಆ ವಿಮಾನ ನಿಲ್ದಾಣದಲ್ಲಿ ಸುರಕ್ಷತೆ ಎಷ್ಟು ಹೆಚ್ಚಾಯಿತೆಂದರೆ, ವಿಮಾನಗಳು ಬಸುರಿ ಹೆಂಗಸರ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡತೊಡಗಿದವು.

ನಮ್ಮ ಕ್ಯಾಪ್ಟನ್ ಮೊದಮೊದಲು ಮೂಗು ಮುರಿದ. ಇಪ್ಪತ್ತಾರು ವರ್ಷ ಹೇಳಿದ ಹೊತ್ತಿಗೆ ಹೊರಟು ಹೇಳಿದ ಹೊತ್ತಿಗೆ ಇಳಿಸಿದವನು ಅವನು. ಜೊತೆಯವರು ಅವನನ್ನು ಕರೆಯುತ್ತಿದ್ದದ್ದೇ 'ಗಡಿಯಾರ' ಎಂದು. ಆದರೆ ಮೂರನೇ ತಿಂಗಳು ಕಾರು ಮಾರಬೇಕಾಯಿತು. ಅದರ ಮರುದಿನ ಅವನ ಕೈ ತಾನಾಗಿಯೇ ಒಂದು ನಿಮಿಷ ನಿಧಾನ ಮಾಡಿತು. ವಾರದೊಳಗೆ ಒಂದು ನಿಮಿಷ ನಾಲ್ಕಾಯಿತು, ತಿಂಗಳೊಳಗೆ ಹನ್ನೊಂದಾಯಿತು. ಪಕ್ಕದಲ್ಲಿ ಕೂರುವ ಕಿರಿಯ ಪೈಲಟ್ ಹುಡುಗಿ ಚಕಾರವೆತ್ತಲಿಲ್ಲ. ಅವಳಿಗೂ ನಿಮಿಷದ ಸಂಬಳವೇ, ಜೊತೆಗೆ ಪೈಲಟ್ ಆಗಲು ಮಾಡಿದ ಸಾಲ ಬೆಟ್ಟದಷ್ಟಿತ್ತು. ಟ್ರ್ಯಾಕ್ಟರ್ ಹಿಂದೆ ಹಾಕಿದ ದಿನ ಮಾತ್ರ, "ಸರ್, ಇನ್ನು ಮುಂದೆ ನಾವು ಇಂಡಿಕೇಟರ್ ಹಾಕ್ಕೊಂಡು ಎಡಗಡೆ ಹೋಗೋದು ವಾಸಿ," ಎಂದಳು.

ಇದನ್ನೆಲ್ಲ ಅವನು ಮುಖ್ಯವಾಗಿ ಮುಚ್ಚಿಟ್ಟದ್ದು ಒಬ್ಬರಿಂದ. ಅವರು ಅವನ ಅತ್ತೆ, ಹೆಂಡತಿಯ ತಾಯಿ. ರೈಲ್ವೆಯಲ್ಲಿ ಸ್ಟೇಷನ್ ಮಾಸ್ಟರ್ ಆಗಿ ಮೂವತ್ತನಾಲ್ಕು ವರ್ಷ ಬಾವುಟ ಹಿಡಿದು, ನಿವೃತ್ತರಾದ ಮೇಲೆ ಮಗಳ ಮನೆ ಸೇರಿದ್ದರು. ಬಾವುಟ ಬಿಟ್ಟು ಬಂದಿದ್ದರೇ ಹೊರತು ಆ ನೋಟ ಬಿಟ್ಟಿರಲಿಲ್ಲ. ಹಳಿ ಇಲ್ಲದೆ ಓಡುವುದನ್ನು ಗಾಡಿ ಎಂದು ಅವರು ಒಪ್ಪುತ್ತಿರಲಿಲ್ಲ. ಇಪ್ಪತ್ತನಾಲ್ಕು ವರ್ಷದ ಹಿಂದೆ, ನಿಮ್ಮ ಮಗಳನ್ನು ಮದುವೆಯಾಗುತ್ತೇನೆ ಎಂದು ಹೇಳಲು ಅವನು ನಾಲ್ಕು ಗಂಟೆಗೆ ಬರುತ್ತೇನೆಂದು ತಿಳಿಸಿ, ನಾಲ್ಕು ಹೊಡೆಯುವಾಗ ಬಾಗಿಲ ಗಂಟೆ ಒತ್ತಿದ್ದ. ಬಾಗಿಲು ತೆರೆದ ಅತ್ತೆ ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿ, "ಪರವಾಗಿಲ್ಲ," ಎಂದಿದ್ದರು. ಅವರಿಂದ ಅವನಿಗೆ ಸಿಕ್ಕ ಹೊಗಳಿಕೆ ಅದೊಂದೇ. ಒಂದೇ ಆದ್ದರಿಂದ ಅದನ್ನು ಕಳೆದುಕೊಳ್ಳಲು ಅವನಿಗೆ ಪ್ರಾಣಸಂಕಟ.

ಹಾಗಾಗಿ ಅತ್ತೆಗೆ ಹೇಳಿದ ಪ್ರಕಾರ ಕಾರು ರಿಪೇರಿಗೆಂದು ಗ್ಯಾರೇಜಿನಲ್ಲಿತ್ತು. ಅವನು ಬಸ್ಸಿಗೆ ಹೋಗುವುದು ಡಾಕ್ಟರು ನಡೆಯಲು ಹೇಳಿದ್ದರಿಂದ.

"ಅಮ್ಮನಿಗೆ ಹೇಳಿಬಿಡೋಣ ರೀ," ಎನ್ನುತ್ತಿದ್ದಳು ಶಾಲೆಯಲ್ಲಿ ವಿಜ್ಞಾನ ಕಲಿಸುವ ಹೆಂಡತಿ.

"ಹೇಳೋಣ, ಆಮೇಲೆ."

"ಏರ್‌ಪೋರ್ಟಲ್ಲಿ ತೆವಳಿಸೋದು ಸಾಲದು ಅಂತ ಮನೇಲೂ ತೆವಳಿಸ್ತೀರಲ್ಲ," ಎಂದು ಅವಳು ಉತ್ತರಪತ್ರಿಕೆಗಳ ಕಟ್ಟಿಗೆ ಮುಖ ತಿರುಗಿಸುತ್ತಿದ್ದಳು.

ಹೀಗಿರುವಾಗ ಒಂದು ಬುಧವಾರ ಸಂಜೆ ಫೋನು ಬಂತು. ಬೇರೆ ಊರಿನಲ್ಲಿದ್ದ ಅತ್ತೆಯ ಅಕ್ಕನಿಗೆ ಮುಂದಿನ ವಾರ ಆಗಬೇಕಿದ್ದ ಹೃದಯದ ಆಪರೇಷನ್ ನಾಳೆಗೇ ಬಂದಿತ್ತು. ಬೆಳಿಗ್ಗೆ ಹತ್ತೂಮುಕ್ಕಾಲಿಗೆ ಒಳಗೆ ಕರೆದೊಯ್ಯುತ್ತಾರೆ. ಅಕ್ಕನಿಗೆ ಎಂಬತ್ತೊಂದು ವರ್ಷ. ತಾಯಿ ಬೇಗ ತೀರಿಕೊಂಡ ಮನೆಯಲ್ಲಿ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದ್ದು ಆ ಅಕ್ಕನೇ.

ಅತ್ತೆ ಫೋನು ಇಟ್ಟು ನಿಂತೇ ಇದ್ದರು. "ರೈಲು ಆಗಲೇ ಹೋಯ್ತು," ಎಂದರು. ಯಾವ ಊರಿಗೆ ಯಾವಾಗ ರೈಲು ಎಂದು ಅವರು ಯಾರನ್ನೂ ಕೇಳಬೇಕಿರಲಿಲ್ಲ. ಆಮೇಲೆ, ಅಳಿಯನ ಮುಖ ನೋಡದೆ, "ನಿಮ್ಮದು ನಾಳೆ ಬೆಳಿಗ್ಗೆ ಅಲ್ಲಿಗೇ ಅಲ್ವಾ?" ಎಂದು ಕೇಳಿದರು.

ಎಪ್ಪತ್ನಾಲ್ಕು ವರ್ಷದಲ್ಲಿ ಒಮ್ಮೆಯೂ ವಿಮಾನ ಹತ್ತದವರು ಹಾಗೆ ಕೇಳಿದ್ದಕ್ಕೆ ಕ್ಯಾಪ್ಟನ್ ಕುರ್ಚಿಯಿಂದ ಎದ್ದೇ ನಿಂತ. "ಎಂಟಕ್ಕೆ ಹೊರಡೋದು ಅತ್ತೆ. ಒಂಬತ್ತು ನಲವತ್ತಕ್ಕೆ ಅಲ್ಲಿ ಬಾಗಿಲು ತೆಗೀತೀನಿ. ಅಲ್ಲಿಂದ ಆಸ್ಪತ್ರೆಗೆ ಟ್ಯಾಕ್ಸೀಲಿ ಮೂವತ್ತೈದು ನಿಮಿಷ. ಹತ್ತೂಕಾಲಿಗೆ ನೀವು ದೊಡ್ಡಮ್ಮನ ಪಕ್ಕ ಕೂತಿರ್ತೀರ."

"ಅರ್ಧ ಗಂಟೆ ಸಿಗತ್ತೆ ಹಾಗಾದ್ರೆ," ಎಂದರು ಅತ್ತೆ. "ಸಾಕು. ಒಳಗೆ ಹೋಗೋ ಮೊದಲು ಅರ್ಧ ಗಂಟೆ ಜೊತೇಲಿದ್ರೆ ಸಾಕು ನಂಗೆ."

ಬೆಳಿಗ್ಗೆ ಅತ್ತೆ ಮೊದಲನೇ ಸಾಲಿನಲ್ಲಿ, ಕೈಚೀಲ ಮಡಿಲಲ್ಲಿಟ್ಟುಕೊಂಡು, ಪ್ಲಾಟ್‌ಫಾರ್ಮ್ ಮೇಲೆ ಕೂತ ಹಾಗೆ ನೆಟ್ಟಗೆ ಕೂತರು. ಕ್ಯಾಪ್ಟನ್ ಕಿರಿಯಳಿಗೆ ವಿಷಯ ಹೇಳಿದ.

"ಇವತ್ತು ನಿಜವಾದ ವೇಗದಲ್ಲಿ ಹೋಗ್ತೀವಿ."

"ಅತ್ತೆ ಬಂದಿದ್ದಾರೆ ಅಂದ್ರೆ ನಮ್ಮ ಹನ್ನೊಂದು ನಿಮಿಷ ಹೋಯ್ತು ಅನ್ನಿ," ಎಂದು ಅವಳು ನಿಟ್ಟುಸಿರು ಬಿಟ್ಟಳು. ಆದರೂ ನಗುತ್ತಿದ್ದಳು.

ಸರಿಯಾಗಿ ಎಂಟಕ್ಕೆ ಬ್ರೇಕ್ ಬಿಟ್ಟರು. ಕ್ಯಾಪ್ಟನ್‌ಗೆ ತನ್ನ ಹಳೆಯ ಕೈ ಮರಳಿ ಬಂದಂತಾಯಿತು. ಮೊದಲ ತಿರುವು ದಾಟುವ ತನಕ ಅವನು ಬಹಳ ಸಂತೋಷವಾಗಿದ್ದ. ತಿರುವು ದಾಟಿದರೆ, ಎದುರಿಗೆ ತಮ್ಮದೇ ಕಂಪನಿಯ ಇನ್ನೊಂದು ವಿಮಾನ. ರನ್‌ವೇಗೆ ಇದ್ದದ್ದು ಆ ಒಂದೇ ದಾರಿ. ಮೇಲೆ ಆಕಾಶದ ತುಂಬ ಜಾಗವಿರಬಹುದು, ಕೆಳಗೆ ಮುಂದಿನವರನ್ನು ಹಿಂದೆ ಹಾಕುವ ಹಾಗಿಲ್ಲ. ಆ ವಿಮಾನ ಎಷ್ಟು ಮೆಲ್ಲಗೆ ಹೋಗುತ್ತಿತ್ತೆಂದರೆ, ಅದರ ರೆಕ್ಕೆಯ ಮೇಲೆ ಒಂದು ಕಾಗೆ ಕೂತು ಗರಿ ಕೊಕ್ಕಿನಲ್ಲಿ ಬಾಚಿಕೊಳ್ಳುತ್ತಿತ್ತು.

"ಯಾರದು?" ಎಂದು ಕ್ಯಾಪ್ಟನ್ ಕೇಳಿದ. ಕೇಳುವಾಗಲೇ ಗೊತ್ತಾಗಿತ್ತು.

"ಬೋಳು ಸರ್ ಅವರ ಧ್ವನಿ," ಎಂದಳು ಕಿರಿಯಳು. ವಿಮಾನಗಳಿಗೆ ದಾರಿ ಬಿಡುವ ಟವರಿನವರು ಆ ಮುಂದಿನವನನ್ನು ಸ್ವಲ್ಪ ಬೇಗ ಹೋಗಲಾದೀತೇ ಎಂದು ಕೇಳಿದ್ದರು. ಸುರಕ್ಷತೆಯ ದೃಷ್ಟಿಯಿಂದ ಸಾಧ್ಯವಿಲ್ಲ ಎಂದು ಅವನು ಜೇನು ಸವರಿದ ದನಿಯಲ್ಲಿ ಉತ್ತರ ಕೊಟ್ಟಿದ್ದ.

ಐದು ನಿಮಿಷ ಹೋಯಿತು. ಹತ್ತು ಹೋಯಿತು. ಕ್ಯಾಪ್ಟನ್‌ನ ಕಣ್ಣ ಮುಂದೆ ಅತ್ತೆಯ ಅರ್ಧ ಗಂಟೆ ಮಂಜುಗಡ್ಡೆಯ ಹಾಗೆ ಕರಗುತ್ತಿತ್ತು. ಅಷ್ಟರಲ್ಲಿ ಇಳಿಯಲು ಬರುವ ವಿಮಾನಗಳ ಸಾಲು ಶುರುವಾಯಿತು, ಹೊರಡುವವರು ಅದರ ನಡುವೆ ಸಿಗುವ ಸಂದಿನಲ್ಲಷ್ಟೇ ಹಾರಬೇಕಾಯಿತು, ಬೋಳ ತೆವಳುತ್ತ ಹೋಗುವಷ್ಟರಲ್ಲಿ ಒಂದೊಂದು ಸಂದೂ ಮುಚ್ಚಿಹೋಗುತ್ತಿತ್ತು. ಬೋಳ ಸರಿಯಾದ ವೇಗದಲ್ಲಿ ಹೋಗಿದ್ದರೆ ಇಬ್ಬರೂ ಆ ಸಾಲಿಗಿಂತ ಮೊದಲೇ ಹಾರಿಬಿಡುತ್ತಿದ್ದರು. ಕ್ಯಾಪ್ಟನ್‌ನ ತಾಳ್ಮೆಯ ಕಟ್ಟೆ ಒಡೆಯಿತು. ಕಿರಿಯಳು ಟವರಿನ ಜೊತೆ ಮಾತಾಡುತ್ತಿದ್ದಳು. ಇವನು ಕಂಪನಿಯವರೊಳಗೊಳಗೇ ಮಾತಾಡುವ ರೇಡಿಯೋ ಗುಂಡಿಯೆಂದು ತಿಳಿದು ಅದರ ಪಕ್ಕದ ಗುಂಡಿ ಒತ್ತಿದ. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಆಗದ ತಪ್ಪು ಆಗಲು ಅದೇ ಗಳಿಗೆಯನ್ನು ಆರಿಸಿಕೊಂಡಿತು.

"ಲೋ ಬೋಳಾ," ಎಂದು ಅವನು ಹಲ್ಲು ಕಚ್ಚಿ ಶುರುಮಾಡಿದ, "ನಾನು ಕಣೋ ಹಿಂದೆ ಇರೋದು. ನಿಮಿಷದ ದುಡ್ಡಿಗೆ ನೀನು ತೆವಳಿಸ್ತಿದ್ದೀಯ ಅಂತ ಗೊತ್ತು. ನಾನೂ ದಿನಾ ತೆವಳಿಸೋನೇ, ನಿನ್ನೆ ಕೂಡ ಹನ್ನೊಂದು ನಿಮಿಷ ತೆವಳಿಸಿದೀನಿ, ಇಲ್ಲ ಅನ್ನಲ್ಲ. ಅರ್ಧ ಸಂಬಳದಲ್ಲಿ ಎಲ್ಲರದ್ದೂ ಅದೇ ಗತಿ. ಆದ್ರೆ ಇವತ್ತು ನಮ್ಮತ್ತೆ ಮೊದಲನೇ ಸಾಲಲ್ಲಿ ಕೂತಿದಾರೆ. ಅವರ ಅಕ್ಕನಿಗೆ ಆಪರೇಷನ್ನು. ಕಾರು ಮಾರಿದ್ದು, ಸಂಬಳ ಕಡಿದಿದ್ದು, ಅವರಿಗೆ ಒಂದೂ ಗೊತ್ತಿಲ್ಲ. ಸ್ಟೇಷನ್ ಮಾಸ್ಟರ್ ಆಗಿದ್ದೋರು ಮಾರಾಯಾ, ಒಂದು ನಿಮಿಷ ತಡ ಆದ್ರೆ ದೇವರನ್ನೂ ಪ್ಲಾಟ್‌ಫಾರ್ಮಲ್ಲೇ ಬಿಟ್ಟು ಗಾಡಿ ಕಳಿಸೋ ಪೈಕಿ. ನಿನ್ನ ನಿಮಿಷಕ್ಕೆ ಎಷ್ಟು ಸಿಗತ್ತೋ ನಾನೇ ಕೊಡ್ತೀನಿ. ಕಾಲಿಗೆ ಬೀಳ್ತೀನಿ, ಓಡ್ಸೋ!"

ಬೋಳನಿಂದ ಉತ್ತರ ಬರಲಿಲ್ಲ. ಬದಲಿಗೆ ಒಳಗಿನ ಫೋನು ಕಿಣಿಕಿಣಿ ಎಂದಿತು. ಹಿರಿಯ ಗಗನಸಖಿಯ ದನಿ ನಡುಗುತ್ತಿತ್ತು. ಅದು ಭಯದ ನಡುಕವಲ್ಲ, ನಗು ತಡೆಹಿಡಿದ ನಡುಕ.

"ಸರ್, ನೀವೀಗ ಹೇಳಿದ್ದೆಲ್ಲ ಹಿಂದೆ ಕೇಳಿಸ್ತು."

"ಹಿಂದೆ ಅಂದ್ರೆ?"

"ಮೂವತ್ತನೇ ಸಾಲಿನ ತನಕ ಸರ್. ಪ್ರಯಾಣಿಕರ ಸ್ಪೀಕರಲ್ಲಿ ಬಂತು."

ಕ್ಯಾಪ್ಟನ್ ಗುಂಡಿ ನೋಡಿದ. ಅದು ರೇಡಿಯೋದ್ದಾಗಿರಲಿಲ್ಲ. "ಮೊದಲನೇ ಸಾಲಿಗೆ?"

"ಅಲ್ಲೇ ಸರ್ ಜೋರಾಗಿ ಕೇಳಿಸೋದು."

"ಏನು ಮಾಡ್ತಿದ್ದಾರೆ?"

"ಹತ್ತನೇ ಸಾಲಿನವರು ಚಂದಾ ಎತ್ತೋಣ್ವಾ ಅಂತಿದ್ದಾರೆ. ಇನ್ನೊಬ್ಬರು ದೂರು ಕೊಡ್ತೀನಿ ಅಂತ ಎದ್ದು ನಿಂತಿದ್ರು, ನಿಮ್ಮ ಅತ್ತೆಯವರು ಗಾಡಿ ನಿಲ್ಲೋ ತನಕ ಕೂತ್ಕೋಬೇಕು ಅಂತ ಗದರಿಸಿ ಕೂರಿಸಿದ್ರು."

"ಆಮೇಲೆ?"

"ಆಮೇಲೆ ವಾಚ್ ನೋಡ್ಕೊಂಡ್ರು ಸರ್."

ಕಿರಿಯಳು ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದಳು. ಅವಳ ಭುಜ ಕುಣಿಯುತ್ತಿತ್ತು. ಕ್ಯಾಪ್ಟನ್ ಇಂಗು ತಿಂದ ಮಂಗನ ಹಾಗೆ ಕೂತ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ಆದರೆ ಬೋಳು ಕ್ಯಾಪ್ಟನ್ ಮುಂದೆ ಸರಿಯದೆ ಭೂಮಿ ಕೂಡ ಏನು ತಾನೇ ಮಾಡೀತು.

ಮೂವತ್ತೊಂದು ನಿಮಿಷ ತಡವಾಗಿ ವಿಮಾನ ಮೇಲೇರಿತು. ದಾರಿಯಲ್ಲಿ ಏನೆಲ್ಲ ಮಾಡಿದರೂ ಮೂರು ನಿಮಿಷಕ್ಕಿಂತ ಹೆಚ್ಚು ಉಳಿಸಲಾಗಲಿಲ್ಲ. ಉಳಿದ ಇಪ್ಪತ್ತೆಂಟನ್ನು ಅವನು ಮನಸ್ಸಿನಲ್ಲೇ ಹಿಂದಕ್ಕೂ ಮುಂದಕ್ಕೂ ಎಣಿಸಿದ. ಇಷ್ಟು ತಿಂಗಳು ನಿಮಿಷ ಎಂದರೆ ಅವನಿಗೆ ತಿಂಗಳ ಕೊನೆಯ ಚೀಟಿಯಲ್ಲಿ ಕಾಣುವ ಅಂಕಿಯಾಗಿತ್ತು. ಇವತ್ತು ಒಂದೊಂದೂ ಕಲ್ಲಿನಂತೆ ಎದೆಯ ಮೇಲೆ ಕೂತಿತು.

ಇಳಿದ ಮೇಲೆ ನಿಯಮ ಒಪ್ಪುವಷ್ಟು ವೇಗದಲ್ಲಿ ಗೇಟಿಗೆ ತಂದು ನಿಲ್ಲಿಸಿ, ಟೋಪಿ ಹಾಕಿಕೊಂಡು ಬಾಗಿಲ ಬಳಿ ನಿಂತ. ಹತ್ತು ಗಂಟೆ ಎಂಟು ನಿಮಿಷವಾಗಿತ್ತು. ಅತ್ತೆ ಎಲ್ಲರಿಗಿಂತ ಮುಂದಿದ್ದರು.

"ಕಾರು ಗ್ಯಾರೇಜಲ್ಲಿದೆ ಅಂದಿರಿ," ಎಂದರು.

"ಹೂಂ ಅತ್ತೆ."

"ರೈಲು ಬೋಗಿಯನ್ನೇ ನಲವತ್ತು ದಿನಕ್ಕೆ ರಿಪೇರಿ ಮಾಡಿ ಕೊಡ್ತಿದ್ರು ನಮಗೆ. ನಿಮ್ಮ ಕಾರಿಗೆ ಏನು ಬಂದಿದ್ದು ಮೂರು ತಿಂಗಳಿಂದ? ನಲವತ್ತೊಂದನೇ ದಿನಾನೇ ನಂಗೆ ಗೊತ್ತಾಯ್ತು. ನೀವಾಗೇ ಹೇಳಲಿ ಅಂತ ಸುಮ್ಮನಿದ್ದೆ." ಅವರು ಬಾಗಿಲಿನತ್ತ ಕಾಲಿಟ್ಟರು. "ತೆವಳಿಸೋದು ಮಾತ್ರ ಗೊತ್ತಿರಲಿಲ್ಲ ಅಳಿಯಂದ್ರೇ. ಆಮೇಲೆ ಮಾತಾಡೋಣ, ಈಗ ದಾರಿ ಬಿಡಿ."

ಎಪ್ಪತ್ನಾಲ್ಕರ ಹೆಂಗಸು ವಿಮಾನದ ಬಾಗಿಲಿಂದ ನಿಲ್ದಾಣದೊಳಕ್ಕೆ ಹೋಗುವ ಸೇತುವೆಯಂಥ ಓಣಿಯಲ್ಲಿ ಹೆಚ್ಚುಕಡಿಮೆ ಓಡಿಕೊಂಡೇ ಹೋಗುವುದನ್ನು ಅವನು ನೋಡುತ್ತ ನಿಂತ. ಹಿಂದಿನಿಂದ ಇಳಿದವರೆಲ್ಲ ಅವನ ಮುಖ ನೋಡಿ ಮುಗುಳ್ನಕ್ಕರು. ಒಬ್ಬರು ಬೆನ್ನು ತಟ್ಟಿದರು, ಇನ್ನೊಬ್ಬರು ದೂರು ಬರೆಯುವುದು ಯಾರಿಗೆ ಎಂದು ಕೇಳಿದರು. ಅವನು ವಿಳಾಸ ಬರೆದುಕೊಟ್ಟ. ನಾಳೆ ಕಂಪನಿಯಿಂದ ಇನ್ನೊಂದು ಕಾಗದ ಬರುವುದು ಖಂಡಿತ, ಅದು ಕುಟುಂಬ ಎಂಬ ಪದದಿಂದ ಶುರುವಾಗುವುದಿಲ್ಲ ಎಂಬುದೂ ಖಂಡಿತ. ಆ ಹೊತ್ತಿಗೆ ಅವನಿಗೆ ಅದೆಲ್ಲ ಯಾರದೋ ತಾಪತ್ರಯದಂತೆ ಕಂಡಿತು.

ಮರಳಿ ಹೋಗುವ ಪ್ರಯಾಣಕ್ಕೆ ಜನ ಹತ್ತುತ್ತಿದ್ದಾಗ ಫೋನು ಬಂತು. ಹತ್ತು ನಲವತ್ತೆಂಟು. ಅವನು ಅದನ್ನು ಕಿವಿಗೆ ಒತ್ತಿಹಿಡಿದ.

"ಸಿಕ್ರಾ ಅತ್ತೆ?"

"ಸಿಕ್ಕಿದ್ಲು," ಎಂದರು. ಅವರ ದನಿಯಲ್ಲಿ ಸ್ಟೇಷನ್ ಮಾಸ್ಟರ್ ಇರಲಿಲ್ಲ. "ಎರಡು ನಿಮಿಷ ಸಿಕ್ತು. ಬಂದ್ಯಾ ಅಂತ ಕೈ ಹಿಡ್ಕೊಂಡ್ಲು. ಕೂದಲೆಲ್ಲ ಕೆದರಿ ಹೋಗಿತ್ತು ಅವಳದ್ದು. ನಾನು ಚಿಕ್ಕವಳಿದ್ದಾಗ ದಿನಾ ಬೆಳಿಗ್ಗೆ ನಂಗೆ ಜಡೆ ಹಾಕಿ ಸ್ಕೂಲಿಗೆ ಕಳಿಸ್ತಿದ್ದೋಳು. ಇವತ್ತು ನಾನು ಹಾಕೋಣ ಅಂತ ಬಾಚಣಿಗೆ ತಂದಿದ್ದೆ. ಬಾಚಿ ಜಡೆಗೆ ಮೂರು ಕಾಲು ಮಾಡಿದ್ದೆ ಅಷ್ಟೆ, ಅಷ್ಟರಲ್ಲಿ ಬಂದು ಮಂಚ ತಳ್ಕೊಂಡು ಹೋದ್ರು. ಕೂದಲು ಹಾಗೇ ಕೈಯಿಂದ ಜಾರಿ ಹೋಯ್ತು."

ಕ್ಯಾಪ್ಟನ್ ತಲೆಯ ಮೇಲಿನ ಟೋಪಿ ತೆಗೆದ. "ತಪ್ಪಾಯ್ತು ಅತ್ತೆ," ಎಂದ.

"ಬೈಯೋಕೆ ಫೋನು ಮಾಡಿದ್ದಲ್ಲ. ಇಲ್ಲಿ ಒಬ್ಬಳೇ ಕೂತಿದೀನಿ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು, ಹೇಳ್ದೆ. ಹೊರಡಿ, ನಿಮಗೆ ಹೊತ್ತಾಯ್ತು."

ಅವನು ಫೋನು ಆರಿಸಿ ತನ್ನ ಜಾಗದಲ್ಲಿ ಕೂತ. ಕಣ್ಣು ಮಂಜಾಗಿತ್ತು. ಒರೆಸಿಕೊಂಡದ್ದನ್ನು ಕಿರಿಯಳು ಕಂಡೂ ಕಾಣದ ಹಾಗೆ ಕಾಗದ ತಿರುವಿದಳು. ದಿನಕ್ಕೆ ಹನ್ನೊಂದು ನಿಮಿಷ. ಹಿಂದೆ ಕೂತವರಲ್ಲಿ ಎಷ್ಟು ಜನ ಯಾರ್ಯಾರ ಬಳಿಗೆ ಓಡಬೇಕಿತ್ತೋ, ಅವನು ಕೇಳಿರಲೇ ಇಲ್ಲ. ಎರಡು ಊರಿನ ನಡುವೆ ದಿನವೂ ಅಷ್ಟು ಜನರನ್ನು ಹೊತ್ತು ತಿರುಗುವವನಿಗೆ ಇಷ್ಟು ಸಣ್ಣ ವಿಷಯ ಹೊಳೆದಿರಲಿಲ್ಲವೆಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಬಾಗಿಲು ಮುಚ್ಚಿತು. ಬ್ರೇಕ್ ಬಿಟ್ಟರು. ದಾರಿ ಖಾಲಿ ಇತ್ತು, ಮುಂದೆ ಯಾರೂ ಇರಲಿಲ್ಲ. ವಿಮಾನ ಸಲೀಸಾಗಿ ಓಡತೊಡಗಿದಾಗ ಕಿರಿಯಳು ವೇಗ ತೋರಿಸುವ ಮುಳ್ಳಿನತ್ತ ನೋಡಿ, ಅವನತ್ತ ನೋಡಿದಳು.

"ಸರ್, ಈಗ ಅತ್ತೆ ಇಲ್ವಲ್ಲ," ಎಂದಳು ಮೆಲ್ಲಗೆ.

"ಹಿಂದೆ ನೂರ ಅರವತ್ತು ಜನ ಇದ್ದಾರಮ್ಮ," ಎಂದ ಅವನು. "ಯಾರದ್ದೋ ಅತ್ತೆ ಇದ್ದೇ ಇರ್ತಾರೆ."

ಅವಳು ಮತ್ತೊಮ್ಮೆ ಮುಳ್ಳಿನತ್ತ ನೋಡಿದಳು. ಅವಳ ಸಾಲದ ಮುಂದಿನ ಕಂತು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಆಮೇಲೆ ರೇಡಿಯೋ ಗುಂಡಿ ಸರಿಯಾದದ್ದೇ ಎಂದು ಎರಡು ಸಲ ನೋಡಿಕೊಂಡು, ನಾವು ತಯಾರಿದ್ದೇವೆ, ಸಾಧ್ಯವಾದರೆ ಸ್ವಲ್ಪ ಮೊದಲೇ ಬಿಡಿ ಎಂದು ಟವರಿನವರನ್ನು ಕೇಳಿದಳು.